ನಿನ್ನೆ ಏನೇನು ತಿಂದ್ರಿ? ಊಟ, ತೂಕ, ಓಡಾಟ ಅಳೆಯಲು ಮನೆಮನೆಗೆ ಹೋದ ಅನುಭವ

"ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ಏನೇನು ತಿಂದ್ರಿ, ಏನೇನು ಕುಡಿದ್ರಿ?"

ನಮ್ಮ ಕೆಲಸವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಬೊಜ್ಜಿನ ಬಗ್ಗೆ ಪೇಪರಿನಲ್ಲಿ ಬರುವ ಎಷ್ಟೋ ಸುದ್ದಿಗಳ ಬೇರು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಇದೇ. ಯಾರೋ ಒಬ್ಬರು ಯಾರದೋ ಮನೆಯ ಜಗಲಿ ಮೇಲೆ ಕೂತು ಹೀಗೆ ಕೇಳಿರುತ್ತಾರೆ, ಉತ್ತರ ಬರೆದುಕೊಂಡಿರುತ್ತಾರೆ. ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿ ಮುಗಿಸಿದ ಮೇಲೆ ನಾನು ಸೇರಿದ್ದು ಅಂಥದ್ದೇ ಕೆಲಸಕ್ಕೆ. ನಮ್ಮ ಮೇಡಂ ಊಟ, ಮೈತೂಕ, ಓಡಾಟ ಈ ಮೂರರ ನಂಟನ್ನು ವರ್ಷಗಳಿಂದ ಹುಡುಕುತ್ತಿರುವ ವಿಜ್ಞಾನಿ. ಈ ಸಲ ಅವರು ಆರಿಸಿಕೊಂಡದ್ದು ಮಂಡ್ಯ ಕಡೆಯ ನಾಲೆ ಬಯಲಿನ ಹಳ್ಳಿಗಳು ಮತ್ತು ಮೈಸೂರಿನ ಒಂದು ಬಡಾವಣೆ. ಊರಿನ ಹೆಸರು, ಜನರ ಹೆಸರು ಎಲ್ಲೂ ಹೇಳುವುದಿಲ್ಲ ಎಂದು ಆ ಮನೆಗಳವರಿಗೆ ಮಾತು ಕೊಟ್ಟಿದ್ದೇವೆ. ಇಲ್ಲೂ ಹೇಳುವುದಿಲ್ಲ.

ಹಳ್ಳಿಗೆ ಕಾಲಿಡುವ ಮೊದಲು ತರಬೇತಿ. ಎತ್ತರ, ತೂಕ ನೋಡುವುದರಲ್ಲಿ ಕಲಿಯಲು ಏನಿದೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಸೊಂಟದ ಸುತ್ತಳತೆಯನ್ನೇ ತೆಗೆದುಕೊಳ್ಳಿ. ಟೇಪು ಹಿಡಿಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವೆ, ಹೊಕ್ಕುಳ ನೋಡಿಕೊಂಡು ಅಲ್ಲ. ಉಸಿರು ಸಹಜವಾಗಿ ಬಿಟ್ಟ ಕ್ಷಣದಲ್ಲಿ ಓದಬೇಕು. ಟೇಪು ಕಂಡ ತಕ್ಷಣ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಅದು ತಾನಾಗಿಯೇ ಆಗಿಬಿಡುತ್ತದೆ. ಅದಕ್ಕೇ ಅಳೆಯುವಾಗ ಮಕ್ಕಳ ವಿಷಯವೋ ಹಸುವಿನ ವಿಷಯವೋ ಮಾತಾಡಿಸುತ್ತಾ ಇರಬೇಕು. ಒಬ್ಬರನ್ನೇ ನಾವೆಲ್ಲರೂ ಎರಡೆರಡು ಸಲ ಅಳೆದು, ನಮ್ಮ ನಮ್ಮಲ್ಲೇ ವ್ಯತ್ಯಾಸ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ, ಅದು ಒಂದು ಮಿತಿಗೆ ಇಳಿಯುವವರೆಗೂ ಮೇಡಂ ನಮ್ಮನ್ನು ಬಿಡಲಿಲ್ಲ.

ಆಮೇಲೆ ಅವರು ಇನ್ನೊಂದು ಕೆಲಸ ಕೊಟ್ಟರು. ಬೇರೆಯವರ ಊಟ ಕೇಳುವ ಮೊದಲು ನಿಮ್ಮ ಊಟ ಅಳೆಯಿರಿ ಅಂದರು. ಅಡಿಗೆಮನೆ ತಕ್ಕಡಿ ಇಟ್ಟುಕೊಂಡು ತಿಂದದ್ದನ್ನೆಲ್ಲ ತೂಗಿ ಬರೆಯಬೇಕು. ಮರುದಿನ ಆ ಚೀಟಿ ನೋಡದೆ, ತಂಡದ ಇನ್ನೊಬ್ಬರು ಕೇಳಿದಾಗ ನೆನಪಿನಿಂದ ಹೇಳಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲರ ನೆನಪಿನ ಲೆಕ್ಕವೂ ಕಡಿಮೆಯೇ. ಕ್ಯಾಂಟೀನಿನ ಎರಡನೇ ಕಾಫಿ, ದೇವಸ್ಥಾನದ ಪ್ರಸಾದ, ಚಟ್ನಿಗೆ ಬಿದ್ದ ತೆಂಗಿನಕಾಯಿ, ಇನ್ನೊಂದು ಸಲ ಹಾಕಿಸಿಕೊಂಡ ಅನ್ನ, ಇವೆಲ್ಲ ನೆನಪಿನಿಂದ ಜಾರಿರುತ್ತಿದ್ದವು. ನಾವೆಲ್ಲ ಪೌಷ್ಟಿಕತೆಯನ್ನೇ ಓದಿದವರು!

ಇದು ಎಲ್ಲ ಕಡೆಯೂ ಇರುವ ಸಂಗತಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಲಿಚ್ಟ್‌ಮನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. "ನಾವು ತಿನ್ನೋದೇ ಸ್ವಲ್ಪ, ಆದರೂ ತೂಕ ಇಳಿಯಲ್ಲ" ಎನ್ನುತ್ತಿದ್ದ ದಪ್ಪಗಿನ ಜನರನ್ನು ಅವರು ಕೂಲಂಕಷವಾಗಿ ನೋಡಿದರು. ಅವರ ದೇಹದ ಯಂತ್ರ ನಿಧಾನವಾಗೇನೂ ಓಡುತ್ತಿರಲಿಲ್ಲ. ಆದರೆ ತಿಂದದ್ದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಿಮೆ ಹೇಳಿದ್ದರು, ಓಡಾಟವನ್ನು ನೂರಕ್ಕೆ 51ರಷ್ಟು ಜಾಸ್ತಿ ಹೇಳಿದ್ದರು. ಇದನ್ನು ಪತ್ತೆ ಮಾಡಿದ್ದು ಒಂದು ಬಗೆಯ ನೀರಿನಿಂದ. ಆ ನೀರಿನಲ್ಲಿ ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಮತ್ತು ಆಕ್ಸಿಜನ್-18 ಎಂಬ ಭಾರದ ಆಮ್ಲಜನಕ ಇರುತ್ತವೆ. ವಿಕಿರಣ ಏನೂ ಇಲ್ಲ, ಕುಡಿದರೆ ತೊಂದರೆ ಇಲ್ಲ. ಹೈಡ್ರೋಜನ್ ಮೈಯಿಂದ ನೀರಾಗಿ ಮಾತ್ರ ಹೊರಗೆ ಹೋಗುತ್ತದೆ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರದ ಮಾದರಿ ತೆಗೆದು ಎರಡರ ವ್ಯತ್ಯಾಸ ನೋಡಿದರೆ, ಆ ಮನುಷ್ಯ ಎಷ್ಟು ಶಕ್ತಿ ಖರ್ಚು ಮಾಡಿದ ಎಂಬುದು ಗೊತ್ತಾಗುತ್ತದೆ. ಅವನು ಏನು ಹೇಳಿದ ಎಂಬುದರ ಮೇಲೆ ನಿಲ್ಲಬೇಕಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ಭಾರದ ರೂಪ) ಕೆಲಸ ಬಹಳ ವರ್ಷಗಳಿಂದ ನಡೆದಿದೆ. ತುಂಬಾ ದುಬಾರಿ ವಿಧಾನ. ನಮ್ಮ ಯೋಜನೆಯ ದುಡ್ಡಿಗೆ ಎಟುಕುವಂಥದ್ದಲ್ಲ. ನಮಗೆ ಇದ್ದದ್ದು ತಕ್ಕಡಿ, ಟೇಪು, ಫಾರಂ, ಸೊಂಟಕ್ಕೆ ಕಟ್ಟುವ ಒಂದು ಸಣ್ಣ ಮೀಟರು ಮತ್ತು ತಾಳ್ಮೆ.

ಲಿಚ್ಟ್‌ಮನ್ ಅಧ್ಯಯನವನ್ನು ಕೆಲವರು "ದಪ್ಪಗಿರೋರು ಸುಳ್ಳು ಹೇಳ್ತಾರೆ" ಎಂದು ಓದುತ್ತಾರೆ. ನನಗೆ ಅದು ಕೇಳಿದರೇ ಸಿಟ್ಟು ಬರುತ್ತದೆ. ಜನ ಸುಳ್ಳು ಹೇಳುವುದಿಲ್ಲ. ಊಟ ಎಂದು ಎಣಿಸದೇ ಇರುವುದನ್ನು ಹೇಳುವುದಿಲ್ಲ, ಅಷ್ಟೇ. ಅದನ್ನು ಹೊರಗೆ ತರುವ ಹಾಗೆ ಕೇಳುವುದು ನಮ್ಮ ಹೊಣೆ.

ಹಾಗೆ ಕೇಳಿದ ಒಂದು ಮನೆಯ ಮಾತು ಬರೆಯುತ್ತೇನೆ. ಐವತ್ತು ದಾಟಿದ ಹೆಂಗಸು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ನಾನೇನ್ ತಿಂತೀನವ್ವ? ಬೆಳಿಗ್ಗೆ ಒಂದ್ ಮುದ್ದೆ, ರಾತ್ರಿಗೊಂದ್ ಮುದ್ದೆ, ಅಷ್ಟೇಯ. ಆದ್ರೂ ನೋಡು, ದಪ್ಪ ಆಯ್ತಾನೇ ಇವ್ನಿ."

ಇಲ್ಲಿ ಊಟದ ಬೆನ್ನು ಹತ್ತಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ನಾನು ಊಟ ಬಿಟ್ಟು ದಿನವನ್ನು ಹಿಡಿದುಕೊಂಡೆ. ಎದ್ದ ತಕ್ಷಣ ಏನ್ ಮಾಡ್ತೀರಮ್ಮ?

"ಹಾಲ್ ಕರೀತೀನಿ. ಡೈರಿಗ್ ಹಾಕ್ ಬತ್ತೀನಿ."

ಬಂದ ಮೇಲೆ?

"ಟೀ ಕಾಯಿಸ್ತೀನಿ. ಎಲ್ರಿಗೂ ಕೊಡ್ತೀನಿ, ನಾನೂ ಒಂದ್ ಲೋಟ ಕುಡೀತೀನಿ. ಬನ್ ಇದ್ರೆ ಅದ್ದ್ಕೊಂಡ್ ತಿಂತೀನಿ. ಅದೂ ಬರೀತೀಯೇನವ್ವ?"

ಬರೀತೀನಮ್ಮ ಅಂದೆ. ಆಮೇಲೆ ಒಂದೊಂದಾಗಿ ಬಂದವು. ಮೊಮ್ಮಗ ಸ್ಕೂಲಿಗೆ ಹೋಗುವ ಮೊದಲು ಅರ್ಧ ತಿಂದು ಬಿಟ್ಟ ಚಿತ್ರಾನ್ನ. ಚೆಲ್ಲೋಕೆ ಮನಸ್ಸಾಗದೆ ಇವರೇ ತಿಂದಿದ್ದರು. ಹನ್ನೊಂದು ಗಂಟೆಗೆ ಗದ್ದೆಗೆ ಒಯ್ದ ಟೀ, ಕೂಲಿಯವರ ಜೊತೆ ತಾನೂ ಕುಡಿದದ್ದು. ಮಧ್ಯಾಹ್ನ "ಊಟ ಮಾಡ್ಲಿಲ್ಲ", ಆದರೆ ಸಾರಿನ ಉಪ್ಪು ನೋಡುವ ನೆಪದಲ್ಲಿ ಒಂದು ಹಿಡಿ ಅನ್ನ ಕಲಸಿಕೊಂಡದ್ದು. ಸಂಜೆ ಪಕ್ಕದ ಮನೆಯಲ್ಲಿ ನಾಮಕರಣದ ಸಿಹಿ. ಟಿವಿ ಮುಂದೆ ಒಂದು ಹಿಡಿ ಮಿಕ್ಸ್‌ಚರ್. ಕೊನೆಗೆ ಅವರೇ ನಕ್ಕರು. "ಅಯ್ಯೋ, ದಿನಾ ಪೂರ್ತಿ ಬಾಯಾಡ್ಸ್ತಾನೇ ಇದ್ನಲ್ಲ!"

ಪ್ರಮಾಣದ ಲೆಕ್ಕ ಇನ್ನೂ ಕಷ್ಟ. ಒಂದು ಮುದ್ದೆ ಎಂದರೆ ಎಷ್ಟು? ಒಂದು ಮನೆಯ ಮುದ್ದೆ ಇನ್ನೊಂದು ಮನೆಯ ಎರಡು ಮುದ್ದೆಗೆ ಸಮ. ನಾವು ಬೇರೆ ಬೇರೆ ಗಾತ್ರದ ಮಣ್ಣಿನ ಉಂಡೆ ಮಾಡಿಕೊಂಡು ಹೋಗಿ, ನಿಮ್ಮನೆಯದು ಇದರಲ್ಲಿ ಯಾವುದು ಅಂತ ತೋರಿಸಿ ಕೇಳುತ್ತಿದ್ದೆವು. ಪ್ರತಿ ಮನೆಯ ಸೌಟಿಗೆ, ಲೋಟಕ್ಕೆ ನೀರು ತುಂಬಿ, ಆ ನೀರನ್ನು ಅಳತೆ ಜಾಡಿಗೆ ಸುರಿದು ಎಷ್ಟು ಹಿಡಿಯುತ್ತದೆ ಎಂದು ಬರೆದುಕೊಳ್ಳುತ್ತಿದ್ದೆವು. ಬಸ್ಸಾರು, ಉಪ್ಸಾರು, ಮಸೊಪ್ಪು ಇಂಥವಕ್ಕೆ ಹಾಕುವ ಬೇಳೆ, ಸೊಪ್ಪು, ಕಾಯಿ ಎಲ್ಲವನ್ನೂ ಹಸಿಯಾಗಿ ತೂಗಿ, ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ತಟ್ಟೆಗೆ ಬಿದ್ದದ್ದನ್ನು ಮತ್ತೆ ತೂಗಬೇಕು. ಹೊಲದ ಬದುವಿನಿಂದ ಕಿತ್ತು ತರುವ ಬೆರಕೆ ಸೊಪ್ಪು ನಮ್ಮನ್ನು ಬಹಳ ಕಾಡಿತು. ಅಣ್ಣೆ, ಹೊನಗೊನೆ, ಗಣಿಕೆ, ದಂಟು ಎಲ್ಲ ಸೇರಿರುತ್ತದೆ. ಬೇರೆ ಬೇರೆ ಮಾಡಿ ತೂಗುವ ಹೊತ್ತಿಗೆ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ, ಮನೆಯಾಕೆ ಕೈ ಮುಂದೆ ಮಾಡಿ ಕಾಯುತ್ತಿರುತ್ತಾರೆ.

ಎಣ್ಣೆಗೆ ನಾವು ಕಂಡುಕೊಂಡ ದಾರಿ ಸುಲಭದ್ದು. ಎಷ್ಟು ಚಮಚ ಹಾಕ್ತೀರಿ ಎಂದು ಯಾರನ್ನೂ ಕೇಳಬಾರದು. ತಿಂಗಳಿಗೆ ಎಷ್ಟು ಪ್ಯಾಕೆಟ್ ತರ್ತೀರಿ ಎಂದು ಕೇಳಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ 6 ಲೀಟರ್ ಎಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ ಸುಮಾರು 46 ಗ್ರಾಂ ಬಿತ್ತು. ಗ್ರಾಮಿಗೆ 9 ಕ್ಯಾಲೊರಿಯಂತೆ 400 ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ 2000 ಕ್ಯಾಲೊರಿಯ ಊಟಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು ಇದೆ. ಬಡಾವಣೆಯ ಕೆಲವು ಮನೆಗಳಲ್ಲಿ ಈ ಲೆಕ್ಕವನ್ನು ಅಲ್ಲೇ ಹಾಳೆಯ ಮೇಲೆ ಹಾಕಿ ತೋರಿಸಿದಾಗ ಮನೆಯವರೇ ಬೆರಗಾದರು. ಯಾರೂ ವಡೆ, ಬೋಂಡ ದಿನಾ ಕರಿಯುವವರಲ್ಲ. ಒಗ್ಗರಣೆ, ಪಲ್ಯ, ದೋಸೆ, ಅಷ್ಟರಲ್ಲೇ ಹೋಗಿತ್ತು.

ಟೀ ಸಕ್ಕರೆಯೂ ಹಾಗೇ. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ ಎಂದರೆ ಬರೀ ಸಕ್ಕರೆಯಿಂದ 160 ಕ್ಯಾಲೊರಿ. ಅರ್ಧ ಗಂಟೆ ಚುರುಕಾಗಿ ನಡೆದರೆ 60 ಕೆಜಿ ತೂಕದವರಿಗೆ ಖರ್ಚಾಗುವುದು ನೂರರ ಆಸುಪಾಸು.

ಕೇಳುವ ಜಾಗವೂ ಮುಖ್ಯ. ಅತ್ತೆ ಎದುರಿಗೆ ಕೂತಿದ್ದರೆ ಸೊಸೆ ಅರ್ಧ ಹೇಳುತ್ತಾಳೆ. ಗಂಡ ಇದ್ದರೆ ಹೆಂಡತಿಯ ಊಟವನ್ನೂ ಅವನೇ ಹೇಳುತ್ತಾನೆ. ಹತ್ತು ಜನ ಕೂಡಿದ ಅರಳಿಕಟ್ಟೆಯಲ್ಲಿ ಗಂಡಸರ ಬಾಯಿಂದ ಕುಡಿತದ ಮಾತು ಬರುವುದೇ ಇಲ್ಲ. ಹಾಗಾಗಿ ಒಬ್ಬೊಬ್ಬರನ್ನೇ, ಬೇರೆ ಕೋಣೆಯಲ್ಲಿ, ಅವರಿಗೆ ಬಿಡುವಾದ ಹೊತ್ತಿನಲ್ಲಿ ಕೇಳುತ್ತಿದ್ದೆವು. ಒಪ್ಪಿಗೆ ಪತ್ರ ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡ ಮೇಲೆಯೇ ಶುರು. ಬೇಡ ಅಂದವರ ಮನೆಗೆ ಮತ್ತೆ ಹೋಗುವಂತಿಲ್ಲ.

ಓಡಾಟ ಅಳೆಯುವ ಮೀಟರಿನ ಕತೆ ಬೇರೆ. ಆಕ್ಸಿಲರೋಮೀಟರ್ ಎಂಬ ಬೆಂಕಿಪೊಟ್ಟಣದಷ್ಟು ಸಾಮಾನು. ಎಲಾಸ್ಟಿಕ್ ಪಟ್ಟಿಯಲ್ಲಿ ಸೊಂಟಕ್ಕೆ ಕಟ್ಟಿ, ಸ್ನಾನ ಬಿಟ್ಟರೆ ಒಂದು ವಾರ ಹಾಗೇ ಇರಬೇಕು. ಮೈ ಎಷ್ಟು ಅಲುಗಿತು ಎಂಬುದನ್ನು ನಿಮಿಷ ನಿಮಿಷಕ್ಕೆ ಬರೆದಿಟ್ಟುಕೊಳ್ಳುತ್ತದೆ. "ಇದ್ರಲ್ಲಿ ಕ್ಯಾಮ್ರಾ ಐತಾ?" ಎಂದು ಕೇಳದ ಮನೆಯಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಸೀರೆ ಉಡುವವರಿಗೆ ಎಲ್ಲಿ ಕಟ್ಟಬೇಕು, ಸೆರಗು ಸಿಕ್ಕಿಸಿದಾಗ ಪಟ್ಟಿ ಮೇಲೆ ಹೋಗದಂತೆ ಏನು ಮಾಡಬೇಕು ಎಂಬುದನ್ನೆಲ್ಲ ಹಳ್ಳಿಯ ಹೆಂಗಸರೇ ನಮಗೆ ಹೇಳಿಕೊಟ್ಟರು. ಮೀಟರಿನ ಜೊತೆ ಬಂದ ಪುಸ್ತಕದಲ್ಲಿ ಸೀರೆಯ ಮಾತೇ ಇರಲಿಲ್ಲ.

ಒಂದು ದೊಡ್ಡ ಕೊರತೆ ಬೇಗನೇ ಕಣ್ಣಿಗೆ ಬಿತ್ತು. ಸೊಂಟದ ಮೀಟರು ನಡಿಗೆಯನ್ನು ಚೆನ್ನಾಗಿ ಹಿಡಿಯುತ್ತದೆ, ಕೈ ಕೆಲಸವನ್ನು ಹಿಡಿಯುವುದೇ ಇಲ್ಲ. ಒಬ್ಬರು ಒಂದು ಗಂಟೆ ಕೂತು ಕಲ್ಲಿನ ಮೇಲೆ ಬಟ್ಟೆ ಒಗೆದರೆ ಮೀಟರಿಗೆ ಅವರು ಸುಮ್ನೆ ಕೂತಿದ್ದ ಹಾಗೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದರೂ, ಬರಿಗೈಲಿ ನಡೆದರೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಬರೀ ಮೀಟರನ್ನು ನಂಬಿ "ಹಳ್ಳಿ ಹೆಂಗಸರು ದಿನಾ ಇಷ್ಟು ಗಂಟೆ ಕೂತಿರುತ್ತಾರೆ" ಎಂದು ಬರೆದುಬಿಟ್ಟರೆ ಅದು ಅನ್ಯಾಯ. ಹಾಗಾಗಿ ಮೀಟರಿನ ಜೊತೆಗೆ ಒಂದು ದಿನಚರಿ ಹಾಳೆಯನ್ನೂ ಸೇರಿಸಿದೆವು. ಅಕ್ಷರ ಬಾರದವರಿಗೆ ಮನೆಯ ಮಕ್ಕಳು ತುಂಬಿಸಿದರು.

ಮೈ ದುಡಿಮೆಗೂ ಊಟಕ್ಕೂ ಇರುವ ನಂಟಿನ ಬಗ್ಗೆ ಮೇಡಂ ನಮಗೆ ಮೊದಲು ಓದಿಸಿದ್ದು ಬಂಗಾಳದ ಒಂದು ಅಧ್ಯಯನ. ಜೀನ್ ಮೇಯರ್ ಎಂಬ ವಿಜ್ಞಾನಿ, ಹುಟ್ಟಿದ್ದು ಫ್ರಾನ್ಸಿನಲ್ಲಿ, ಕೆಲಸ ಮಾಡಿದ್ದು ಅಮೆರಿಕದಲ್ಲಿ. ಅವರು ಮತ್ತು ಜೊತೆಗಾರರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯ 213 ಗಂಡಸರ ಊಟ, ತೂಕ, ದುಡಿಮೆಯನ್ನು ನೋಡಿ 1956ರಲ್ಲಿ ಪ್ರಕಟಿಸಿದರು. ಭಾರ ಹೊರುವವರು ಜಾಸ್ತಿ ತಿನ್ನುತ್ತಿದ್ದರು, ಆದರೂ ತೆಳ್ಳಗಿದ್ದರು. ಹಗುರ ಕೆಲಸದವರು ಕಡಿಮೆ ತಿನ್ನುತ್ತಿದ್ದರು. ವಿಚಿತ್ರ ಕಂಡದ್ದು ಕೂತೇ ಇರುವವರಲ್ಲಿ, ಅಂಗಡಿ ಇಟ್ಟವರು, ಮೇಲ್ವಿಚಾರಕರು ಇಂಥವರಲ್ಲಿ. ಅವರು ಹಗುರ ಕೆಲಸದವರಿಗಿಂತ ಜಾಸ್ತಿ ತಿನ್ನುತ್ತಿದ್ದರು, ತೂಕವೂ ಜಾಸ್ತಿ. ಅಂದರೆ ಓಡಾಟ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಸಿವು ಅದರ ಜೊತೆಗೆ ಇಳಿಯುವುದಿಲ್ಲ.

ಇದರ ಎದುರಿಗೆ ಇಡಬೇಕಾದ ಇನ್ನೊಂದು ಕೆಲಸ ಹರ್ಮನ್ ಪಾಂಟ್ಜರ್ ಅವರದು. ತಾಂಜಾನಿಯಾದ ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು, ದಿನಾ ಮೈಲಿಗಟ್ಟಲೆ ನಡೆಯುವವರು. ಆಗ ಹೇಳಿದೆನಲ್ಲ, ಆ ನೀರನ್ನು ಕುಡಿಸಿ ಅವರ ಶಕ್ತಿ ಖರ್ಚನ್ನು ಅಳೆದರು. 2012ರಲ್ಲಿ ಬಂದ ಫಲಿತಾಂಶ ಎಲ್ಲರಿಗೂ ಅಚ್ಚರಿ. ಮೈಯ ಗಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಹಾಡ್ಜಾ ಜನರ ದಿನದ ಖರ್ಚು ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕದವರ ಖರ್ಚಿನಷ್ಟೇ ಇತ್ತು. ದೇಹ ಎಲ್ಲೋ ಒಂದು ಕಡೆ ಉಳಿಸಿಕೊಂಡು ಸರಿದೂಗಿಸುತ್ತದೆ ಎಂದು ಅವರ ವಾದ. ನಮ್ಮ ತಂಡದಲ್ಲಿ ಈ ಎರಡು ಅಧ್ಯಯನಗಳ ಮೇಲೆ ಊಟದ ಹೊತ್ತಿನಲ್ಲಿ ಎಷ್ಟು ವಾದ ಆಗಿದೆಯೋ ಲೆಕ್ಕವಿಲ್ಲ. ಮನೆಗಳನ್ನು ನೋಡಿ ಬಂದ ಮೇಲೆ ನನ್ನ ನಿಲುವು ಇಷ್ಟು. ತೂಕ ಏರಿದ್ದಕ್ಕೆ "ಸೋಮಾರಿಗಳಾದ್ರು" ಅನ್ನುವುದು ತಪ್ಪು. ಎಣ್ಣೆ, ಸಕ್ಕರೆ, ಬಿಳಿ ಅನ್ನ ಹಾಗೇ ಇಟ್ಟು ಬರೀ ವಾಕಿಂಗ್ ಹೇಳಿದರೆ ಟೇಪಿನ ಅಳತೆ ಇಳಿಯುವುದು ಕಷ್ಟ. ಹಾಗಂತ ನಡೆಯುವುದು ವ್ಯರ್ಥ ಅಲ್ಲವೇ ಅಲ್ಲ. ಬಿಪಿ, ಸಕ್ಕರೆ, ನಿದ್ದೆ, ಮನಸ್ಸು ಎಲ್ಲಕ್ಕೂ ಅದು ಬೇಕು. ತೂಕ ಇಳಿಯಲಿಲ್ಲ ಎಂದು ನಡಿಗೆ ಬಿಟ್ಟವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

"ಹಿಂದಿನ ಕಾಲ್ದಲ್ಲಿ ಬೀಸ್ತಿದ್ರು, ಕುಟ್ತಿದ್ರು, ಅದ್ಕೇ ಗಟ್ಟಿಯಾಗಿದ್ರು" ಎಂದು ಗಂಡಸರು ಹೇಳುವುದನ್ನೂ ಬಹಳ ಕೇಳಿದ್ದೇನೆ. ಬೀಸುತ್ತಿದ್ದವರು, ಬಾವಿಯಿಂದ ನೀರು ಸೇದುತ್ತಿದ್ದವರು ಯಾರೂ ಆ ಕಾಲ ಮತ್ತೆ ಬರಲಿ ಅನ್ನಲಿಲ್ಲ. ನಲ್ಲಿ ಬಂದದ್ದು, ಮಿಕ್ಸಿ ಬಂದದ್ದು ಒಳ್ಳೆಯದೇ. ಆ ದುಡಿಮೆ ಇಳಿದಾಗ ತಟ್ಟೆಯೂ ಬದಲಾಗಬೇಕಿತ್ತು. ಬದಲಾಯಿತು, ಆದರೆ ಉಲ್ಟಾ ದಿಕ್ಕಿಗೆ. ರಾಗಿಯ ಜಾಗಕ್ಕೆ ಅಕ್ಕಿ, ಹುರುಳಿಕಾಳಿನ ಜಾಗಕ್ಕೆ ತೆಳು ಸಾರು, ಕಡಲೆಕಾಯಿಯ ಜಾಗಕ್ಕೆ ಪ್ಯಾಕೆಟ್ ತಿಂಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ, ದೇಶದಲ್ಲಿ ಸಕ್ಕರೆ ಕಾಯಿಲೆ ಎಷ್ಟಿದೆ ಎಂದು ನೋಡುವ ಇಂಡಿಯಾಬ್ ಸಮೀಕ್ಷೆಯ 2025ರ ವರದಿ ಪ್ರಕಾರ ನಮ್ಮ ದೇಶದ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಕಾರ್ಬೋಹೈಡ್ರೇಟಿನಿಂದ ಬರುತ್ತದೆ. ನಾನು ತೂಗಿದ ತಟ್ಟೆಗಳಲ್ಲೂ ಅನ್ನದ ಗುಡ್ಡೆ, ಪಕ್ಕದಲ್ಲಿ ಒಂದು ಚಮಚ ಪಲ್ಯ. ಕಾಳು, ಮೊಟ್ಟೆ, ಮೊಸರು ಮೊದಲು ಹೋಗುವುದು ಮನೆಯ ಗಂಡಸರ ತಟ್ಟೆಗೆ.

ತೆಳ್ಳಗಿನವರ ವಿಷಯವನ್ನೂ ಹೇಳಲೇಬೇಕು. ಕೈಕಾಲು ಸಣ್ಣ, ತೂಕ ಸರಿಯಾಗೇ ಇದೆ, ಆದರೆ ಟೇಪು ಹಿಡಿದರೆ ಸೊಂಟ 90 ಸೆಂಟಿಮೀಟರ್ ದಾಟಿರುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ನಮ್ಮ ಜನರಿಗೆ ಹಾಕಿರುವ ಗಡಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ 2004ರಲ್ಲಿ ಪಕ್ಕಪಕ್ಕದಲ್ಲಿ ನಿಂತ ಫೋಟೋ ಒಂದನ್ನು ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಲೆಕ್ಕ) ಕೂಡ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ಅದಕ್ಕೇ ಬೇರೆ ಕಡೆ ಬಿಎಂಐ 25ಕ್ಕೆ ಶುರುವಾಗುವ ಹೆಚ್ಚು ತೂಕ ನಮ್ಮಲ್ಲಿ 23ಕ್ಕೇ ಶುರು. ಇದರ ಮೂಲ ಹುಟ್ಟುವ ಮೊದಲೇ ಇರಬಹುದು ಎಂದು ತೋರಿಸಿದ ಕೆಲಸದಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆಗೂ ದೊಡ್ಡ ಪಾಲಿದೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆಯನ್ನು ಬರೆದಿಟ್ಟಿದ್ದ ದಾಖಲೆಗಳನ್ನು ಹಿಡಿದು, ಆ ಮಕ್ಕಳು ದೊಡ್ಡವರಾದ ಮೇಲೆ ಅವರ ಸಕ್ಕರೆ, ಹೃದಯದ ಆರೋಗ್ಯ ನೋಡಿದರು. ಅಂದಿನ ನರ್ಸಮ್ಮಂದಿರು ಅಷ್ಟು ಚೊಕ್ಕವಾಗಿ ಅಳೆದು ಬರೆಯದೇ ಇದ್ದಿದ್ದರೆ ಈ ವಿಜ್ಞಾನ ಎಲ್ಲಿರುತ್ತಿತ್ತು?

ಅಳೆದದ್ದನ್ನು ಕಂಪ್ಯೂಟರಿಗೆ ಹಾಕುವ ತಿಂಗಳುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 528 ಆಹಾರಗಳಿರುವ 2017ರ ಭಾರತೀಯ ಆಹಾರ ಸಂಯೋಜನೆ ಕೋಷ್ಟಕ ತೆರೆದಿಟ್ಟುಕೊಂಡು ಪ್ರತಿ ಗ್ರಾಮಿಗೂ ಸಂಖ್ಯೆ ಕೊಡುವ ಕೆಲಸ. ಕಣ್ಣು ಉರಿಯುತ್ತದೆ, ಕೆಲಸ ಮುಗಿಯುವುದಿಲ್ಲ.

ಕೊನೆಗೆ ಪ್ರತಿ ಮನೆಗೂ ವರದಿ ಕೊಡಲು ಹೋದೆವು. ಇದನ್ನು ಎಷ್ಟೋ ಯೋಜನೆಗಳಲ್ಲಿ ಮಾಡುವುದಿಲ್ಲ, ಮೇಡಂ ಮಾತ್ರ ಹಟ ಹಿಡಿದರು. ಸೊಂಟದಳತೆ, ಬಿಪಿ, ಎಣ್ಣೆ-ಸಕ್ಕರೆ ಲೆಕ್ಕ, ಒಂದು ವಾರದ ಓಡಾಟದ ಚಿತ್ರ, ಎಲ್ಲ ಒಂದೇ ಹಾಳೆಯಲ್ಲಿ. ಆ ಮುದ್ದೆ ಅಮ್ಮನ ಮನೆಗೂ ಹೋದೆ. ಅವರ ಓಡಾಟದ ಗೀಟು ಬೆಳಗಿನ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೂ ಕೆಳಗೆ ಇಳಿದಿರಲಿಲ್ಲ. ಒಗೆದದ್ದು, ಹೊತ್ತದ್ದು ದಿನಚರಿ ಹಾಳೆಯಲ್ಲಿ ಬೇರೆ ಇತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ನೋಡಿ, "ನಮ್ಮನೆಯವ್ರು ಬತ್ತಾರೆ ಇರು. ನಾನ್ ಮನೇಲಿ ಕೂತಿರ್ತೀನಿ ಅಂತಾರಲ್ಲ, ಅವ್ರಿಗ್ ಓದ್ ಹೇಳು" ಅಂದರು. ಯಜಮಾನರು ಬರುವವರೆಗೆ ಕಾದು, ಓದಿ ಹೇಳಿಯೇ ಎದ್ದೆ. ಎಣ್ಣೆ ಪ್ಯಾಕೆಟ್ಟಿನ ಲೆಕ್ಕವನ್ನೂ ಅವರಿಗೇ ಹೇಳಿದೆ. ಅಂಗಡಿಗೆ ಹೋಗಿ ತರುವವರು ಅವರೇ ತಾನೆ.

ಈಗ ಎರಡನೇ ಸುತ್ತು ಶುರುವಾಗಿದೆ. ಸುಗ್ಗಿಯಲ್ಲಿ ಇರುವ ಊಟ ಬೇಸಿಗೆಯಲ್ಲಿ ಇರುವುದಿಲ್ಲವಲ್ಲ, ಅದಕ್ಕೆ ಅದೇ ಮನೆಗಳಿಗೆ ಮತ್ತೆ ಹೋಗುತ್ತಿದ್ದೇವೆ. ಫಾರಂಗೆ ಹೊಸ ಪ್ರಶ್ನೆಗಳು ಸೇರಿವೆ: ಮಕ್ಕಳು ಬಿಟ್ಟದ್ದನ್ನು ಯಾರು ತಿಂದರು, ಮೊಟ್ಟೆ ಇದ್ದ ದಿನ ಯಾರ ಯಾರ ತಟ್ಟೆಗೆ ಬಿತ್ತು, ತಿಂಗಳ ದಿನಸಿ ಯಾರು ತಂದರು. ಮೀಟರಿನ ಪಟ್ಟಿಗೆ ಸೀರೆಗೆ ಸಿಕ್ಕಿಸುವ ಒಂದು ಹುಕ್ಕು ಹೊಲಿಸಿದ್ದೇವೆ. ಕೈ ಕೆಲಸ ಹಿಡಿಯಲು ಮಣಿಕಟ್ಟಿಗೂ ಒಂದು ಮೀಟರು ಕಟ್ಟಬೇಕು ಎಂದು ಮೇಡಂ ಅರ್ಜಿ ಹಾಕಿದ್ದಾರೆ. ದುಡ್ಡು ಮಂಜೂರಾಗಬೇಕು.